ಹುಣಸೆನಾಡಿನ ಉಪ್ಪು

ಅವರ ಬಲ ಅಂಗೈ ಸದಾ ಬೆಳ್ಳಗಿರುತ್ತಿತ್ತು. ಬೋರ್ಡು ಒರೆಸಲು ಡಸ್ಟರ್ ಮುಟ್ಟಿದವರಲ್ಲ, ಕೈಯಿಂದಲೇ ಒರೆಸುತ್ತಿದ್ದರು. ಅದೇ ಕೈಯಲ್ಲಿ ಮೀಸೆ ಸವರಿಕೊಳ್ಳುತ್ತಿದ್ದರಿಂದ ಮಧ್ಯಾಹ್ನದ ಹೊತ್ತಿಗೆ ಮೀಸೆಗೂ ಮುಪ್ಪು ಬಂದಿರುತ್ತಿತ್ತು. ನಾವು ಕಿಸಕ್ಕನೆ ನಗುತ್ತಿದ್ದೆವು. ಕೂಡ್ಲಿಗಿ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಅವರು ಸಮಾಜ ಪಾಠದ ಮೇಷ್ಟ್ರು. ಎಲ್ಲವನ್ನೂ ಒರೆಸುವ ಆ ಕೈ ಹುಣಸೆನಾಡು ಗಣರಾಜ್ಯದ ಪುಸ್ತಕವನ್ನು ಮಾತ್ರ ಒರೆಸುತ್ತಿರಲಿಲ್ಲ.

ಹುಣಸೆನಾಡು ಯಾವ ನಕ್ಷೆಯಲ್ಲೂ ಇಲ್ಲ. ಪೌರನೀತಿ ನಮ್ಮ ತಲೆಗೆ ಹತ್ತುವುದಿಲ್ಲವೆಂದು ಮೇಷ್ಟ್ರೇ ಹುಟ್ಟಿಸಿದ ದೇಶ ಅದು. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಒಂಬತ್ತನೇ ತರಗತಿಯೇ ಅದರ ಶಾಸನಸಭೆ. ರಾಜನನ್ನು ಓಡಿಸಿ ಜನರೇ ಆಳುವ ನಾಡು. ಬೆಟ್ಟದ ತುಂಬ ಹುಣಸೆಮರ, ಉಪ್ಪು ಮಾತ್ರ ಹಿಡಿಯಷ್ಟೂ ಇಲ್ಲ. ಹಣ್ಣು ಕೊಟ್ಟು ನೆರೆರಾಜ್ಯದಿಂದ ತರಬೇಕು. ಹಿಂದಿನ ವರ್ಷದ ಮಕ್ಕಳು ಬಿಟ್ಟಲ್ಲಿಂದ ಮುಂದಿನವರು ಆಳಬೇಕು. ಕೈ ಎತ್ತಿ ಮಾಡಿದ ಕಾಯಿದೆಗಳನ್ನು ಮೇಷ್ಟ್ರು ಕೆಂಪು ಬಟ್ಟೆಯ ರಟ್ಟಿನ ಪುಸ್ತಕದಲ್ಲಿ ಬರೆಯುತ್ತಿದ್ದರು. ಬರೆದ ಮೇಲೆ ಗೀಟು ಹಾಕುವಂತಿಲ್ಲ, ಹಾಳೆ ಹರಿಯುವಂತಿಲ್ಲ.

ನಮ್ಮ ಸರದಿ ಬಂದಾಗ ನಾನು ಅಧ್ಯಕ್ಷೆ. ಎಂಥಾ ಜಂಬ ಅಂತೀರಿ, ಅವ್ವ ನೀರು ತಾ ಎಂದರೂ ಸಭೆಯಿದೆ ಅನ್ನುತ್ತಿದ್ದೆ. ಹಿಂದಿನವರು ನೆರೆರಾಜ್ಯದ ಜೊತೆ ಜಗಳ ತೆಗೆದು ಹೋಗಿದ್ದರಿಂದ ಉಪ್ಪು ಅರ್ಧಕ್ಕಿಳಿದಿತ್ತು. ಒಬ್ಬೊಬ್ಬರಿಗೆ ಎಷ್ಟು ಪಾಲು ಎಂಬುದೇ ಚರ್ಚೆ. ಪಾಲು ಹೆಚ್ಚಿಸುವ ಉಪಾಯ ನನಗೇ ಹೊಳೆಯಿತು. ತಲೆ ಎಣಿಸುವ ದಿನ ಸಭೆಯಲ್ಲಿ ಇಲ್ಲದವರು ಪ್ರಜೆಗಳೇ ಅಲ್ಲ ಅಂದುಬಿಟ್ಟರಾಯಿತು. ಎಲ್ಲರೂ ನಗುನಗುತ್ತ ಕೈ ಎತ್ತಿದರು.

ಅವತ್ತು ಬಾರದಿದ್ದವಳು ಒಬ್ಬಳೇ, ನನ್ನ ಬೆಂಚಿನ ಗೆಳತಿ. ಅವರದು ಕುರಿ ಸಾಕುವ ಮನೆತನ. ದೀಪಾವಳಿ ದಾಟಿದರೆ ಮಂದೆ ಹೊಡೆದುಕೊಂಡು ಗಂಗಾವತಿ ಕಡೆಯ ಗದ್ದೆಗಳಿಗೆ ಹೋಗಿ, ಮಳೆ ಹಿಡಿದಾಗ ಬರುವವರು. ಮಂದೆಯ ಜೊತೆಗಿದ್ದ ಬಾಣಂತಿ ಅಕ್ಕನಿಗೆ ಆಸರೆಯಾಗಲೆಂದು ಅವಳೂ ಹದಿನೈದು ದಿನ ಹೋಗಿದ್ದಳು. ಅದು ನನಗೆ ಗೊತ್ತಿತ್ತು.

ಮೇಷ್ಟ್ರು ಪೆನ್ನು ಹಿಡಿದು ನನ್ನನ್ನೇ ನೋಡಿದರು. “ಬರೀಲೇನವ್ವಾ?” ಎಂದರು. ಬರೀರಿ ಸರ್ ಅಂದೆ. ಒಂದು ಗಳಿಗೆ ಬಿಟ್ಟು ಮತ್ತೆ ಅದನ್ನೇ ಕೇಳಿದರು. ನನಗೆ ಸಿಟ್ಟೇ ಬಂತು, ಅಧ್ಯಕ್ಷೆಯನ್ನು ಎರಡೆರಡು ಸಲ ಕೇಳುತ್ತಾರಲ್ಲ ಎಂದು.

ವಾಪಸ್ ಬಂದ ಶನಿವಾರ ಅವಳು ಏನೋ ಹೇಳಲು ಕೈ ಎತ್ತಿದಳು. ಪ್ರಜೆಗಳು ಮಾತ್ರ ಮಾತಾಡಬೇಕು ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ವಿಷಯ ತಿಳಿದ ಮೇಲೆ ಅವಳು ಉಳಿದವರನ್ನು ಬಿಟ್ಟು ನನ್ನ ಕಡೆ ತಿರುಗಿದಳು. “ನಾ ಎಲ್ಲಿಗೆ ಓಡಿ ಹೋಗಿದ್ನಿ? ಕುರಿ ಜೊತಿ ಹೋಗಿದ್ನಿ. ನಿನಗ ಹೇಳೇ ಹೋಗಿದ್ನೆಲ್ಲ” ಅಂದಳು.

ಆ ಸಾಲು ಹೊಡೆದುಹಾಕಿ ಎಂದು ಮೇಷ್ಟ್ರಿಗೆ ದುಂಬಾಲು ಬಿದ್ದೆ. ಹೊಡೆಯಲು ಬರುವುದಿಲ್ಲ, ಹೊಸ ಕಾಯಿದೆ ತಂದು ಕೈ ಎತ್ತಿಸು ಅಂದರು. ಅದನ್ನೂ ತಂದೆ. ಎದ್ದದ್ದು ನನ್ನದೊಂದೇ ಕೈ. ಅವಳು ಸೇರಿದರೆ ಪಾಲು ಕಡಿಮೆಯಾಗುತ್ತದಲ್ಲ. ಇಲ್ಲದ ದೇಶದ ಇಲ್ಲದ ಉಪ್ಪು, ಯಾರ ನಾಲಿಗೆಗೂ ಒಂದು ಹರಳು ಹತ್ತಿದ್ದಲ್ಲ. ಆದರೂ ನಲವತ್ತು ಮಕ್ಕಳ ಕೈ ಡೆಸ್ಕು ಬಿಟ್ಟು ಮೇಲೇಳಲಿಲ್ಲ. ಅವತ್ತು ಹೊಕ್ಕ ಹೆದರಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಪರೀಕ್ಷೆ ಮುಗಿಸಿ ಮಂದೆ ಸೇರಿಕೊಂಡವಳು ಹತ್ತನೇ ತರಗತಿಗೆ ಬರಲೇ ಇಲ್ಲ. ಅದಕ್ಕೇ ಬಿಟ್ಟಳು ಎನ್ನಲಾರೆ, ಅದಕ್ಕಲ್ಲ ಎನ್ನಲೂ ಬಾಯಿ ಬರುವುದಿಲ್ಲ.

ಮೇಷ್ಟ್ರು ನಿವೃತ್ತರಾಗಿ ಹಿರೇಹಡಗಲಿ ಸೇರಿದ ಮೇಲೆ ಒಮ್ಮೆ ಹೋಗಿದ್ದೆ. ಅಷ್ಟರಲ್ಲಿ ನಾನೂ ಟೀಚರಾಗಿದ್ದೆ. ಮಂಡಕ್ಕಿ, ಮಿರ್ಚಿ ಕೊಡಿಸಿ, ಕೆಂಪು ಪುಸ್ತಕ ತಂದು ನನ್ನ ಮುಂದಿಟ್ಟರು. ನಮ್ಮ ನಂತರದವರು ಜ್ವರ ಬಂದು ಮಲಗಿದವರನ್ನು ಕೈಬಿಟ್ಟಿದ್ದರು. ಅವರ ನಂತರದವರು, ಬೇರೆ ಊರಿಂದ ನಡೆದು ಬರುವವರನ್ನು. ಎಲ್ಲದಕ್ಕೂ ನನ್ನ ಕಾಯಿದೆಯೇ ಆಧಾರ. ಕೊನೆಯ ಹಾಳೆಯಲ್ಲಿ ಒಂಬತ್ತೇ ಪ್ರಜೆಗಳು ಉಳಿದಿದ್ದರು. ಉಗ್ರಾಣದಲ್ಲಿ ಉಪ್ಪು ಬೇಕಾದಷ್ಟಿತ್ತು, ಹುಣಸೆಹಣ್ಣು ಬಡಿಯಲು ಜನವಿರಲಿಲ್ಲ.

ನೀವು ಯಾಕೆ ತಡೆಯಲಿಲ್ಲ ಎಂದು ಸಿಟ್ಟಿನಿಂದಲೇ ಕೇಳಿದೆ.

“ತಡದಿದ್ರ ಅದು ನನ್ನ ರಾಜ್ಯ ಆಗ್ತಿತ್ತವ್ವಾ, ನಿಮ್ಮದಲ್ಲ” ಎಂದರು. ಪುಸ್ತಕ ಮುಚ್ಚಿ ತಾವಾಗಿಯೇ ಅಂದರು, “ಆದ್ರ ಬರದ ಕೈ ನಂದು. ನಾ ಇನ್ನೊಂದ್ ಸಲ ಕೇಳಬೇಕಿತ್ತು.”

ಹೋದ ಶ್ರಾವಣದಲ್ಲಿ ತೀರಿಕೊಂಡರು. ವಿಭೂತಿ ಹಚ್ಚಿ ಕೂಡಿಸಿದ್ದರು. ತೊಡೆಯ ಮೇಲಿದ್ದ ಅಂಗೈಯಲ್ಲಿ ಸೀಮೆಸುಣ್ಣದ ಗುರುತೇ ಇರಲಿಲ್ಲ. ನನಗೆ ಅಳು ಬಂದದ್ದು ಅದನ್ನು ನೋಡಿ.

ಈ ಚಳಿಗಾಲ ನನಗೆ ಮತದಾರರ ಪಟ್ಟಿಯ ಕೆಲಸ ಬಿತ್ತು. ಹೊಸಹಳ್ಳಿ ಬದಿಯ ಹಟ್ಟಿಯೊಂದರಲ್ಲಿ ಮನೆಮನೆಗೆ ಹೋಗಿ, ಇದ್ದವರಿಂದ ಅರ್ಜಿಗೆ ಸಹಿ ಹಾಕಿಸಿಕೊಳ್ಳಬೇಕು. ಸಹಿ ಇಲ್ಲದವರ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಏಳು ಮನೆಗೆ ಬೀಗ. ಮೂರು ಸಲ ಹೋದರೂ ಬೀಗವೇ. ಅದರಲ್ಲೊಂದು ನನ್ನ ಗೆಳತಿಯ ಗಂಡನ ಮನೆ. ಅರ್ಜಿಯ ಮೇಲೆ ಮೊದಲೇ ಅಚ್ಚಾಗಿದ್ದ ಫೋಟೋದಲ್ಲಿ, ಚಿಕ್ಕಂದಿನಿಂದ ಅವಳಿಗಿದ್ದ ಹಣೆಯ ಕಲೆ ನೋಡಿ ಗುರುತು ಹಿಡಿದೆ. ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು, “ಎಲ್ಲಿಗೆ ಹೋಗ್ತಾರ? ಕುರಿ ಜೊತಿ ಹೋಗ್ಯಾರ. ಮಳಿಗೆ ಬರ್ತಾರ” ಅಂದಳು. ವರದಿಯಲ್ಲಿ ಹಾಗೆಯೇ ಬರೆದು ಕೊಟ್ಟೆ. ಮೇಲಿನವರು ಫೋನು ಮಾಡಿ, ಇಷ್ಟುದ್ದ ಬೇಡ ಮೇಡಂ, ಸಹಿ ಇಲ್ಲದಿದ್ದರೆ ಊರಲ್ಲಿಲ್ಲ ಎಂದು ಬರೆಯಿರಿ, ಸೋಮವಾರವೇ ಕೊನೆ ಅಂದರು. ಗದರಲಿಲ್ಲ, ನಗುತ್ತಲೇ ಅಂದರು. ನಮ್ಮ ತರಗತಿಯೂ ನಗುತ್ತಲೇ ಕೈ ಎತ್ತಿತ್ತು.

ಸ್ಟಾಫ್ ರೂಮಿನಲ್ಲಿ ಕೂತು ಪೆನ್ನು ತೆಗೆದೆ. ಬರೀಲೇನವ್ವಾ ಎಂದು ಮೇಷ್ಟ್ರು ಮೂರನೇ ಸಲ ಕೇಳಿದಂತಾಯಿತು. ಬ್ಯಾಡ್ರಿ ಸರ್ ಎಂದು ಬಾಯಿಬಿಟ್ಟೇ ಅಂದೆ. ಪಕ್ಕದವರು ತಿರುಗಿ ನೋಡಿದರು.

ಏಳು ಮನೆಯ ಅರ್ಜಿಗಳೂ ಈಗ ನನ್ನ ಚೀಲದಲ್ಲಿವೆ. ನಾಳೆ ಗಂಗಾವತಿ ಬಸ್ಸು ಹತ್ತಿ, ಯಾವ ಗದ್ದೆಯಲ್ಲಿ ಮಂದೆ ನಿಂತಿದೆಯೋ ಹುಡುಕಬೇಕು. ನನ್ನ ಮುಖ ನೋಡಿದ ಮೇಲೆ ಅವಳು ಸಹಿ ಹಾಕುತ್ತಾಳೋ ಇಲ್ಲವೋ ಗೊತ್ತಿಲ್ಲ.