ಐವತ್ತೈದಕ್ಕೆ ನಿಂತ ಮಾತು

ಮೂವತ್ತು ವರ್ಷ ಲಿಫ್ಟ್ ನಡೆಸಿ ನಿವೃತ್ತನಾದ ಮನುಷ್ಯ ಮನೆಯಲ್ಲಿ ಸುಮ್ಮನೆ ಕೂರಬೇಕಿತ್ತು. ಕೂರಲಿಲ್ಲ. ಹನ್ನೊಂದನೇ ಮಹಡಿಯ ವ್ಯಾಪಾರಿ ಕಚೇರಿ ಖಾಲಿ ಮಾಡುವಾಗ ಕೊಟ್ಟುಹೋದ ಜಪಾನಿ ಪೆಟ್ಟಿಗೆಯೊಂದರಿಂದ ಹುಚ್ಚು ಹತ್ತಿತು. ಕಪ್ಪು ಮೆರುಗೆಣ್ಣೆ, ಮೇಲೆ ಬಂಗಾರದ ಪುಡಿಯಲ್ಲಿ ಬರೆದ ಎರಡು ಕೊಕ್ಕರೆ. ಅದಕ್ಕೆ ಜೊತೆಯಾಗಲಿ ಅಂತ ಇನ್ನೊಂದು, ಇನ್ನೊಂದಕ್ಕೆ ಮತ್ತೊಂದು, ನೋಡನೋಡುತ್ತ ಹದಿನೇಳಾದವು. ಹೆಂಡತಿಯ ಬಟ್ಟೆಗಳು ಬೀರುವಿನಿಂದ ಮಂಚದ ಕೆಳಗಿಳಿದವು.

ಈ ಪೆಟ್ಟಿಗೆಗಳದ್ದು ಮಹಾರಾಣಿಯರ ನಾಜೂಕು. ಬಿಸಿಲು ಆಗದು, ಗಾಳಿ ಒಣಗಿದರೆ ಒಳಗಿನ ಮರ ಕುಗ್ಗಿ ಮೆರುಗು ಬಿರಿಯುತ್ತದೆ. ಅದಕ್ಕೇ ಗಾಳಿಯ ತೇವ ತೋರಿಸುವ ಮೀಟರ್ ತಂದು ಗೋಡೆಗೆ ಹಾಕಿದ. ಮುಳ್ಳು ಐವತ್ತೈದರಲ್ಲಿರಬೇಕು. ಬೋಗುಣಿಯಲ್ಲಿ ನೀರಿಟ್ಟ, ಒದ್ದೆ ಟವೆಲ್ ನೇತುಹಾಕಿದ. ಮುಳ್ಳು ನಲವತ್ತೈದು ದಾಟಲಿಲ್ಲ. ಕೊಕ್ಕರೆಯ ಕಾಲ ಹತ್ತಿರ ಕೂದಲೆಳೆಯಷ್ಟು ಬಿರುಕು ಕಂಡ ದಿನ ಅವನು ಊಟ ಬಿಟ್ಟು ಪೆಟ್ಟಿಗೆಯ ಮುಂದೆಯೇ ಕೂತ.

ಅವತ್ತೇ ಹೆಂಡತಿ ಆ ಕೋಣೆಗೆ ಬಂದು ತಂಗಿಯ ಮನೆಯ ಜಗಳ ಹೇಳತೊಡಗಿದಳು. ಮುಳ್ಳು ಮೇಲೇರಿತು. ಮನುಷ್ಯರ ಉಸಿರಲ್ಲಿ ತೇವ ಇರುತ್ತದೆ. ಅವಳ ಉಸಿರಲ್ಲಂತೂ ಕೆರೆಯೇ ಇತ್ತು. ಮರುದಿನದಿಂದ ಇವನು ಕಿಟಕಿ ಮುಚ್ಚಿ, ಕುರ್ಚಿ ಹಾಕಿ, "ಆಮೇಲೇನಾಯ್ತು ಹೇಳು" ಅನ್ನತೊಡಗಿದ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಗಂಡ ಹಾಗೆ ಕೇಳಿದ್ದು ಇದೇ ಮೊದಲು. ಪಾಪ, ಅವಳು ದಿನಾ ತಲೆ ಬಾಚಿಕೊಂಡು ಬಂದು ಕೂರುತ್ತಿದ್ದಳು.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವಳು ಯಾರಿಗೂ ಹೇಳದ ಮಾತು ತೆಗೆದಳು. "ಅಮ್ಮ ಹೋದ ದಿನ ನಾನು ಆಸ್ಪತ್ರೆ ಬಾಗಿಲ ತನಕ ಹೋಗಿ ವಾಪಸ್ ಬಂದೆ ರೀ. ಯಾಕಂದ್ರೆ..."

"ಸಾಕು ಕಣೆ, ಐವತ್ತೈದಾಯ್ತು," ಅಂದ ಇವನು, ಗೋಡೆ ನೋಡುತ್ತ.

ಅವಳೂ ಗೋಡೆ ನೋಡಿದಳು. ಎಲ್ಲ ಅರ್ಥವಾಯಿತು. ಎದ್ದು ಹೋದವಳು ಬಾಯಿಗೆ ಬೀಗ ಹಾಕಿದಳು. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಇಲ್ಲಿ ಮೌನಕ್ಕೆ ಮುಳ್ಳು ಇಳಿದು ಕೊಕ್ಕರೆಯ ಬಂಗಾರವೇ ಉದುರತೊಡಗಿತು. ಪಕ್ಕದ ಮನೆಯ ದರ್ಜಿಯನ್ನು ಕರೆತಂದು ಕೂರಿಸಿದ. ಅವನು ಸೂಜಿ ಕಚ್ಚಿ ಕಚ್ಚಿ ಮಾತೇ ಮರೆತವನು. ಮುಳ್ಳು ಇನ್ನೂ ಒಂದು ಗೆರೆ ಇಳಿಯಿತು. ಆದರೆ ನಿಜ ಹೇಳಬೇಕೆಂದರೆ, ಅವನ ಕಣ್ಣು ಬಿರುಕಿಗಿಂತ ಅವಳಿಲ್ಲದ ಕುರ್ಚಿಯ ಕಡೆಗೇ ಹೆಚ್ಚು ಹೋಗುತ್ತಿತ್ತು.

ಐದನೇ ದಿನ ಅಡುಗೆಮನೆ ಬಾಗಿಲಲ್ಲಿ ನಿಂತ. "ನೀನು ಹೇಳಿದ್ದೆಲ್ಲ ಕೇಳಿಸ್ಕೊಂಡಿದೀನಿ."

"ಏನ್ ಕೇಳಿಸ್ಕೊಂಡ್ರಿ? ಮುಳ್ಳು ನೋಡಿದ್ರಿ, ಅಷ್ಟೆ."

ಲಿಫ್ಟಿನಲ್ಲಿ ಬಾಗಿಲ ಮೇಲಿನ ಅಂಕಿ ನೋಡುತ್ತಲೇ ಜನರ ಮಾತು ಕೇಳಿದವನು ಅವನು. ಯಾರ ಮುಖವೂ ನೆನಪಿಲ್ಲ. ಯಾವ ಮಹಡಿಯಲ್ಲಿ ಯಾರು ಏನಂದರು ಅನ್ನೋದು ಒಂದೂ ಮರೆತಿಲ್ಲ.

"ಮುಳ್ಳು ನಲವತ್ತಾರರಲ್ಲಿದ್ದಾಗ, ನಿನ್ನ ತಂಗಿ ಅತ್ತೆಯ ಕನ್ನಡಕ ಒಡೆದಿದ್ದು ಹೇಳಿದೆ. ನಲವತ್ತೊಂಬತ್ತರಲ್ಲಿ, ಮದುವೆ ಮಾರನೇ ದಿನ ನಾನು ನಿನ್ನ ಹೆಸರು ತಪ್ಪು ಕರೆದಿದ್ದು. ಐವತ್ತೆರಡರಲ್ಲಿ, ನಿಂಗೆ ಈಜು ಕಲಿಯೋ ಆಸೆ ಇತ್ತು. ಐವತ್ತೈದರಲ್ಲಿ ಆಸ್ಪತ್ರೆ ಬಾಗಿಲು. ಅಲ್ಲಿಂದಾಚೆ ನಂಗೆ ಗೊತ್ತಿಲ್ಲ."

ಅವಳು ಒಲೆ ಆರಿಸಿದಳು. ಕೋಣೆಗೆ ಬಂದು, ಮೊಳೆಯಿಂದ ಮೀಟರ್ ಕಿತ್ತು ಕೊಕ್ಕರೆ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದಳು. ಕುರ್ಚಿಯಲ್ಲಿ ಕೂತಳು.

"ಒಳಗೆ ಹೋಗೋಕೆ ಧೈರ್ಯ ಬರಲಿಲ್ಲ ರೀ," ಅಂದಳು.

ಅವನು ಗೋಡೆ ನೋಡಿದ. ಅಲ್ಲಿ ಮೊಳೆ ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಅವಳ ಮುಖ ನೋಡಿದ.