ಗಟ್ಟಿಯಾಗಿ ಓದಿದ ಗಣಿತ

ಪಾಲಿಟೆಕ್ನಿಕ್ಕಿನ ಗಣಿತದ ಮೇಡಂಗೆ ನಲವತ್ತು ದಾಟಿದ ಮೇಲೆ ಹೊಸ ಹುಚ್ಚು ಹಿಡಿಯಿತು. ಜ್ಯಾಮಿತೀಯ ರೆಪ್ರೆಸೆಂಟೇಶನ್ ಥಿಯರಿಯ ಮೇಲೆ ಒಂದು ಭಾಷಣ ಕೇಳಿದ್ದೇ ನೆಪ. ಸಮಮಿತಿಯ ಲೆಕ್ಕಗಳನ್ನು ಆಕಾರಗಳ ಮೂಲಕ ನೋಡಿದರೆ ಎಂಥ ಗಂಟೂ ಸಡಿಲವಾಗುತ್ತದೆ ಎಂದಿದ್ದರು ಭಾಷಣಕಾರರು. ವರ್ಷಗಟ್ಟಲೆ ಒಂದೇ ಪಾಠವನ್ನು ಅರೆದು ಕುಡಿಸಿದ್ದ ಆಕೆಗೆ ಅಂದಿನಿಂದ ಕೂತಲ್ಲಿ ಕೂರಲಾಗಲಿಲ್ಲ.

ಓದಲು ಒಳ್ಳೆಯದೇನಾದರೂ ಬೇಕಿತ್ತು. ಗ್ರಂಥಾಲಯದಿಂದ ತಂದ ಮೊದಲ ಪುಸ್ತಕ ಇನ್ನೊಂದನ್ನು ಓದಿ ಬಾ ಎಂದಿತು. ಆ ಇನ್ನೊಂದು, ಆಕಾರಗಳನ್ನು ಹಿಗ್ಗಿಸಿ ಬಗ್ಗಿಸಿ ನೋಡುವ ಟೋಪಾಲಜಿ ಗೊತ್ತೇ ಎಂದು ಕೇಳಿತು. ಟೋಪಾಲಜಿಯ ಪುಸ್ತಕ ನಡುನೀರಲ್ಲಿ ಕೈಬಿಟ್ಟಿತು. ಬಸ್ಸಿನಲ್ಲಿ ಒಂದು, ಸ್ಟಾಫ್ ರೂಮಿನಲ್ಲಿ ಒಂದು, ಒಲೆಯ ಪಕ್ಕ ಮತ್ತೊಂದು. ಹಾಲು ಉಕ್ಕಿ ಹರಿದರೂ ಗಮನವಿಲ್ಲ.

"ಒಂದಾದ್ರೂ ದಡ ಸೇರಿತೇನೇ?" ಕುರ್ಚಿಯ ಮೇಲಿನ ಪುಸ್ತಕಗಳನ್ನು ಸರಿಸುತ್ತ ಗಂಡ ಕೇಳಿದ.

"ಸರಿಯಾದ್ದು ಸಿಕ್ಕಿಲ್ಲ ರೀ," ಎಂದು ಸಿಡುಕಿದಳು.

ಕೊನೆಗೆ ಭಾನುವಾರ, ಕಾಲೇಜಿನಲ್ಲಿ ತನಗೆ ಕಲಿಸಿದ್ದ ನಿವೃತ್ತ ಮೇಷ್ಟರ ಮನೆಗೆ ಹೋದಳು. ಎಲ್ಲ ಕೇಳಿಸಿಕೊಂಡ ಅವರು, "ನೀನು ಓದ್ತಾ ಇಲ್ಲಮ್ಮ, ಬಾಗಿಲು ತಟ್ಟಿ ಓಡಿಹೋಗ್ತಾ ಇದ್ದೀಯ," ಎಂದರು.

ಆಕೆಗೆ ಚುರುಕ್ಕೆಂದಿತು. "ಹಾಗಾದ್ರೆ ನೀವೇ ಹೇಳಿ ಸಾರ್, ಯಾವುದು ಓದಲಿ?"

"ಆ ವಿಷಯ ನಂಗೂ ಗೊತ್ತಿಲ್ಲ. ಕಣ್ಣು ಬೇರೆ ಮಂಜಾಗಿದೆ. ಇರೋದ್ರಲ್ಲಿ ತೆಳ್ಳಗಿರೋದನ್ನ ತಗೋ. ಗಟ್ಟಿಯಾಗಿ ಓದು, ನಾನು ಕೇಳ್ತೀನಿ."

ಯಾರೋ ತಮ್ಮ ವಿದ್ಯಾರ್ಥಿಗಳಿಗೆಂದು ಬರೆದ ಟಿಪ್ಪಣಿಯೊಂದನ್ನು ಆಕೆ ಮುದ್ರಿಸಿಟ್ಟುಕೊಂಡಿದ್ದಳು. ಅಂಕಿಗಳನ್ನು ಚೌಕವಾಗಿ ಜೋಡಿಸಿದ ಪುಟ್ಟ ಮ್ಯಾಟ್ರಿಕ್ಸುಗಳು ಹಾಳೆಯ ಮೇಲಿನ ಗೆರೆಗಳನ್ನು ಹೇಗೆ ತಿರುಗಿಸುತ್ತವೆ ಎಂಬಲ್ಲಿಂದ ಅದು ಶುರುವಾಗುತ್ತಿತ್ತು. ಜೋರಾಗಿ ಓದುವಾಗ ಹಾರಿಸುವಂತಿಲ್ಲ, ಸಾಲುಸಾಲಿಗೂ ಮೇಷ್ಟರು "ಯಾಕೆ?" ಎನ್ನುತ್ತಿದ್ದರು. ವಾರಗಳು ಕಳೆದರೂ ಎರಡನೇ ಪುಟ ದಾಟಲಿಲ್ಲ.

"ಹೀಗಾದ್ರೆ ನಾನು ಮುದುಕಿ ಆಗ್ತೀನಿ ಸಾರ್!"

"ನಾನು ಮುದುಕ ಆಗಿಲ್ವಾ? ಇನ್ನೊಂದ್ಸಲ ಓದು."

"ಒಂದೇ ಬಿಂದುವಿನಲ್ಲಿ ಹಾಯೋ ಎಲ್ಲ ಗೆರೆಗಳೂ ಸೇರಿ ಒಂದು ಆಕಾರ," ಎಂದು ಓದಿದಳು. "ಯಾವ ಆಕಾರ?" ಎಂದರು ಮೇಷ್ಟರು. ಚಿತ್ರ ಬರೆದರೆ ಅವರಿಗೆ ಕಾಣದು. ಆಕೆ ಚಡಪಡಿಸಿ, ಕೈಯ ಬಳೆ ತೆಗೆದು ಅವರ ಅಂಗೈಯಲ್ಲಿಟ್ಟಳು. "ಗೆರೆ ಅರ್ಧ ಸುತ್ತು ತಿರುಗಿದ್ರೆ ಮತ್ತೆ ಅದೇ ಗೆರೆ ಅಲ್ವಾ ಸಾರ್? ಅಷ್ಟರಲ್ಲಿ ನಿಮ್ಮ ಬೆರಳು ಪೂರ್ತಿ ಬಳೆ ಸುತ್ತಿ ಹೊರಟಲ್ಲಿಗೇ ಬರಲಿ. ಒಂದೊಂದು ಬಿಂದುವೂ ಒಂದೊಂದು ಗೆರೆ!" ಹೇಳುತ್ತಿದ್ದಂತೆ ಆಕೆಗೇ ಅದು ಅರ್ಥವಾಯಿತು.

ಮೇಷ್ಟರ ಬೆರಳು ನಿಧಾನವಾಗಿ ಸುತ್ತಿ ಬಂತು. "ಓಹೋ!" ಎಂದು ಮಗುವಿನಂತೆ ನಕ್ಕರು.

ಅವರ ನಗು ಮುಗಿಯುವ ಮುನ್ನವೇ ಆಕೆ ಮೂರನೇ ಪುಟಕ್ಕೆ ತಿರುಗಿಸಿ ಓದತೊಡಗಿದ್ದಳು.