ಬಾಯಿಗೆ ಹೋದ ಬೆರಳು

‘ಫೋನಿನಾಗೆ ನೋಡಿ ಯಾರೂ ನರ್ಸ್ ಆಗಾಕಾಗಲ್ಲ’ ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಅವ್ವನದೊಂದು ಮಗ್ಗ, ಅವನದೊಂದು. ಕೊರೊನಾ ಬಂದು ಚಳ್ಳಕೆರೆಯ ನಮ್ಮ ನರ್ಸಿಂಗ್ ಕಾಲೇಜು ಮುಚ್ಚಿದಾಗ ನಾನು ಆ ಎರಡು ಮಗ್ಗಗಳ ನಡುವೆ ಕೂತು ಫೋನಿನಲ್ಲಿ ಪಾಠ ಕೇಳುತ್ತಿದ್ದೆ.

‘ಸೂಜೀನೂ ಫೋನಿಗೇ ಚುಚ್ಚಿ ಕಲೀತೀಯೇನೇ?’ ಎಂದು ಮಾವ ಲಾಳಿ ಎಸೆಯುತ್ತ ನಗುತ್ತಿದ್ದ.

ಅವನ ಮೇಲೆ ಸಿಟ್ಟು ಬರುತ್ತಿತ್ತು. ಅವನ ಮಾತಿನಲ್ಲಿ ಅರ್ಧ ನಿಜವಿದೆಯಲ್ಲ ಎಂದು ಇನ್ನೂ ಹೆಚ್ಚು ಸಿಟ್ಟು. ಗಾಯಕ್ಕೆ ಡ್ರೆಸಿಂಗ್ ಮಾಡುವ ವಿಡಿಯೊ ಕಳಿಸುತ್ತಿದ್ದರು, ನೋಡಿ ಕಲಿಯಿರಿ ಎನ್ನುತ್ತಿದ್ದರು. ಕಲಿತದ್ದು ಸರಿಯೋ ತಪ್ಪೋ ಎಂದು ಕೇಳಿದವರಿಲ್ಲ.

ಕಾಲೇಜು ತೆರೆದ ಮೇಲೆ ಬ್ಯಾಚು ಬ್ಯಾಚಾಗಿ ಲ್ಯಾಬಿಗೆ ಕರೆದರು. ಮಲಗಿಸಿದ್ದ ಒಂದೇ ಬೊಂಬೆಯ ಮುಂದೆ ನಮ್ಮ ಸಾಲು. ಅಲ್ಲಿ ಪಾಸಾದವರಿಗೆ ಮಾತ್ರ ಆಸ್ಪತ್ರೆಯ ಪೋಸ್ಟಿಂಗ್, ಅಂದರೆ ವಾರ್ಡಿನ ತರಬೇತಿ. ಪೋಸ್ಟಿಂಗ್ ಇಲ್ಲದೆ ಪದವಿಯಿಲ್ಲ. ಅಭ್ಯಾಸಕ್ಕೆ ಒಂದು ಸರದಿ, ಆಮೇಲೆ ಪರೀಕ್ಷೆ.

ನನ್ನ ಸರದಿ ಬಂತು. ಕೈ ತೊಳೆದೆ, ಸ್ಟೆರೈಲ್ ಗ್ಲೌಸ್ ಹಾಕಿದೆ. ಬೊಂಬೆಯ ಗಾಯದ ಮೇಲೆ ಗಾಜ್ ಬಟ್ಟೆ ಇಡುವಾಗ ಅಂಚಿನಿಂದ ಒಂದು ಎಳೆ ಬಿಟ್ಟುಕೊಂಡಿತು. ನಮ್ಮ ಮನೆಯಲ್ಲಿ ರೇಷ್ಮೆ ಎಳೆ ಕಡಿದರೆ ಬೆರಳನ್ನು ನಾಲಿಗೆಗೆ ತಾಗಿಸಿ, ಎಳೆ ಹೊಸೆದು ಕೂಡಿಸುತ್ತೇವೆ. ನಾನು ನಡೆಯಲು ಕಲಿತಾಗಿನಿಂದ ನೋಡಿದ್ದು ಅದನ್ನೇ. ಗೊತ್ತಿಲ್ಲದೆ ಕೈ ಮೇಲೆದ್ದಿತು. ಗ್ಲೌಸಿನ ಬೆರಳು ಮಾಸ್ಕಿಗೆ ತಾಗಿ ನಿಂತಿತು.

‘ಏನದು? ಊಟಕ್ಕೆ ಕೂತಿದ್ದೀಯಾ?’ ಎಂದರು ಮೇಡಂ. ಸಾಲೆಲ್ಲ ನಕ್ಕಿತು. ‘ಇಷ್ಟು ತಿಂಗಳು ಕ್ಲಾಸಲ್ಲಿ ಏನು ಕಲಿತೆ?’

‘ಕ್ಲಾಸು ಫೋನಲ್ಲಿತ್ತು ಮೇಡಂ. ನಮ್ಮ ಮುಖ ನೋಡಿ ಹಾಜರಿ ಹಾಕ್ತಿದ್ರಿ. ಕೈ ಯಾರೂ ನೋಡ್ಲಿಲ್ಲ.’

ನಗು ನಿಂತಿತು. ‘ಮಾತಿಗೇನೂ ಕಮ್ಮಿಯಿಲ್ಲ. ಕೊನೇ ಬ್ಯಾಚಿನ ಜೊತೆ ಪರೀಕ್ಷೆಗೆ ಬಾ. ಆಗ್ಲೂ ಹೀಗೇ ಆದ್ರೆ ಈ ವರ್ಷ ಪೋಸ್ಟಿಂಗ್ ಮರೆತುಬಿಡು’ ಎಂದರು.

ಮನೆಗೆ ಬಂದು ಕೂಗಾಡಿದೆ. ಅವ್ವ ಸಮಾಧಾನ ಹೇಳಲಿಲ್ಲ. ‘ನನ್ ಬೆರಳು ನೋಡಿ ಈ ಚಾಳಿ ಕಲ್ತಿದೀಯ. ನಾನೇ ಬಿಡಿಸ್ತೀನಿ, ಇಲ್ಲೇ ಕೂತ್ಕಾ’ ಎಂದಳು. ಹಳೇ ಗ್ಲೌಸ್ ತೊಳೆದು ಹಾಕಿಕೊಂಡು ನಾನು ತಲೆದಿಂಬಿಗೆ ಡ್ರೆಸಿಂಗ್ ಮಾಡುತ್ತಿದ್ದೆ. ಕೈ ಎದೆಯ ಮಟ್ಟ ದಾಟಿದರೆ ಸಾಕು, ‘ಬಾಯಿ’ ಎನ್ನುತ್ತಿದ್ದಳು. ಅವಳ ಬೆರಳು ಅದೇ ಹೊತ್ತಿಗೆ ಅವಳ ನಾಲಿಗೆಯ ಮೇಲೆ.

‘ಅಕ್ಕಾ, ಮತ್ತೆ ಹೋತು ನೋಡು’ ಎಂದು ಮಾವ ಅತ್ತ ಮಗ್ಗದಿಂದ ಚಾಡಿ ಹೇಳುತ್ತಿದ್ದ.

ಬೇಕಾಗಿದ್ದದ್ದು ಇಷ್ಟೇ: ಎದುರಿಗೆ ಕೂತು ಕೈ ನೋಡುವ ಒಬ್ಬರು. ನಾವು ಕಾಲೇಜಿಗೆ ಸೇರಿದ್ದಾದರೂ ಮತ್ಯಾತಕ್ಕೆ? ಇವತ್ತಿಗೂ ಇದನ್ನು ನೆನೆದರೆ ನನ್ನ ಮೈ ಉರಿಯುತ್ತದೆ.

ಕೊನೇ ಬ್ಯಾಚಿನಲ್ಲಿ ಪಾಸಾದೆ. ಪೋಸ್ಟಿಂಗೂ ಹಾಗೇ ಇತ್ತು. ಒಂದು ಮಂಚದ ಸುತ್ತ ಹಿಂಡು ಹುಡುಗಿಯರು. ಹಿಂದೆ ನಿಂತವರಿಗೆ ಕಂಡದ್ದು ಮುಂದಿನವರ ಜಡೆ. ಉಳಿದ ಹೊತ್ತು ಬೆಡ್‌ಶೀಟು ಬದಲಿಸು, ಫೈಲು ಹೊರು. ‘ಸಿಸ್ಟರ್, ಇವತ್ತು ಒಂದು ಡ್ರೆಸಿಂಗ್ ನಂಗೆ ಕೊಡಿ’ ಎಂದು ದಿನಾ ಬೆನ್ನು ಹತ್ತಿದೆ. ಕಾಟ ತಾಳಲಾರದೆ ಒಂದು ದಿನ ಕೊಟ್ಟರು.

ನನ್ನಿವಾಳ ಎಂಬ ಹಳ್ಳಿಯ ಅಜ್ಜಿ, ಪಾದದಲ್ಲಿ ಗಾಯ.

‘ಮೊದಲ್ನೇ ಸಲಾನೇನವ್ವ?’ ಎಂದು ಕೇಳಿದಳು.

‘ಹೂಂ ಅಜ್ಜಿ.’

‘ನಿಧಾನಕ್ಕೆ ಮಾಡು. ನಾನೇನು ಬಸ್ಸಿಗೆ ಹೋಗ್ಬೇಕಾಗಿಲ್ಲ.’

ಹಳೇ ಗಾಜ್ ಬಿಚ್ಚುವಾಗ ಒಂದು ಎಳೆ ಗಾಯಕ್ಕೆ ಅಂಟಿಕೊಂಡಿತು. ನನ್ನ ಮೊಣಕೈ ಏಳುವುದು ನನಗೇ ಗೊತ್ತಾಯಿತು. ಬಾಯಿ, ಎಂದಿತು ಕಿವಿಯೊಳಗೆ ಅವ್ವನ ದನಿ. ಕೈ ಇಳಿಯಿತು. ಚಿಮಟದಿಂದ ಎಳೆ ತೆಗೆದೆ. ಹಿಂದೆ ನಿಂತಿದ್ದ ಸಿಸ್ಟರ್ ಪಕ್ಕದ ಮಂಚದ ಟ್ರೇಯನ್ನೂ ನನ್ನ ಕಡೆ ತಳ್ಳಿದರು.

ನಮ್ಮ ವಂಶದಲ್ಲೇ ಮೊದಲ ಪದವಿ ಪ್ರಮಾಣಪತ್ರವನ್ನು ಮನೆಗೆ ತಂದ ದಿನ, ಅದನ್ನು ಮೊದಲು ಮಾವನ ಮುಂದೆಯೇ ಹಿಡಿದೆ. ಬೇಕೆಂದೇ ಹಿಡಿದೆ. ಅವನು ಮಗ್ಗದಿಂದ ಎದ್ದು ಬಂದು, ಅಭ್ಯಾಸದಂತೆ ಬೆರಳನ್ನು ನಾಲಿಗೆಗೆ ತಾಗಿಸಿ ಕೈ ಚಾಚಿದ.

ಅವ್ವ ಅವನ ಮಣಿಕಟ್ಟಿಗೆ ರಪ್ಪನೆ ಹೊಡೆದಳು.

‘ಲೇ, ಬಾಯಿ. ಮೊದ್ಲು ಕೈ ತೊಳ್ಕಂಡ್ ಬಾ.’